ಭಾವನ ಅರ್ಧ ಇಂಚು

ನನ್ನ ಭಾವನಷ್ಟು ಕರಾರುವಾಕ್ಕಾಗಿ ತಪ್ಪು ಮಾಡುವ ಮನುಷ್ಯನನ್ನು ನೀವು ನೋಡಿರಲಾರಿರಿ. ಭಾವ ಅಂದೆನಲ್ಲ, ಕಾನೂನಿನ ಪ್ರಕಾರ ಅವರೀಗ ನನಗೆ ಏನೂ ಅಲ್ಲ. ಅಕ್ಕ ಡಿವೋರ್ಸ್ ತಗೊಂಡಾಗ ಕೋರ್ಟು ಮನೆ, ಕಾರು, ಸೋಫಾ ಎಲ್ಲ ಯಾರಿಗೆಂದು ಬರೆದುಕೊಟ್ಟಿತು. ಹೆಂಡತಿಯ ತಮ್ಮ ಇನ್ನುಮೇಲೆ ಆತನನ್ನು ಏನೆಂದು ಕರೆಯಬೇಕು ಎಂದು ಮಾತ್ರ ಬರೆಯಲಿಲ್ಲ.

ಅಮೆರಿಕದ ಸಿಯಾಟಲ್ ಕಡೆ, ಮುಕಿಲ್ಟಿಯೊ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಅವರದು ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರೆಕ್ಕೆಯ ತುಂಡನ್ನು ವಾಪಸು ಕಳಿಸುವವರು. ಇಂಥವರು ಅಕ್ಕನ ಕಾರಿಗೆ ಹಿಮದಲ್ಲಿ ಜಾರದ ಚಳಿಗಾಲದ ಟೈರಿಗೆಂದು ಹಳೆಯ ರಿಮ್ಮು ಕೊಂಡರು, ಎರಡು ಒಬ್ಬನ ಹತ್ತಿರ, ಎರಡು ಇನ್ನೊಬ್ಬನ ಹತ್ತಿರ. ಎತ್ತರ ನೋಡಿದರು, ಬೋಲ್ಟಿನ ತೂತು ಎಣಿಸಿದರು. ಅಗಲ ನೋಡಲಿಲ್ಲ. ಮನೆಗೆ ತಂದು ಟೇಪು ಹಿಡಿದರೆ ಎರಡು ಆರೂವರೆ ಇಂಚು, ಎರಡು ಏಳು.

"ಇವ್ರು ಅಳತೆ ನೋಡದೆ ತಂದಿದ್ದು ಎರಡೇ," ಅಂದಳು ಅಕ್ಕ. "ಮೊದಲು ನನ್ನನ್ನ, ಈಗ ಇದನ್ನ."

ಎಲ್ಲರೂ ನಕ್ಕೆವು. ಭಾವನೂ ನಕ್ಕರು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿಗೆ ಎಲ್ಲರನ್ನೂ ನಗಿಸಿಬಿಡುವ ಚಾಳಿ ಇದೆ.

ವಾಪಸು ಕೊಡಬಹುದಿತ್ತಲ್ಲ? ಕೊಡುವ ಜನವೇ? "ಈ ಟೈರು ಎರಡೂ ಅಗಲಕ್ಕೆ ಕೂರುತ್ತೆ ಕಣಯ್ಯ. ಸಣ್ಣವೆರಡು ಮುಂದೆ, ದೊಡ್ಡವೆರಡು ಹಿಂದೆ. ಜೋಡಿ ತಪ್ಪಬಾರದು, ಅಷ್ಟೆ," ಅಂದರು ಭಾವ.

ಆ ವರ್ಷ ಆಯುಧಪೂಜೆಗೆ ಬಾಥೆಲ್ ಊರಿನ ದೇವಸ್ಥಾನದ ಮುಂದೆ ಕಾರುಗಳ ಸಾಲು. ನಮ್ಮ ಭಾವ ನಾಲ್ಕು ಚಕ್ರ ಮಾತ್ರ ಇಳಿಸಿ ಸಾಲಿನಲ್ಲಿ ನಿಲ್ಲಿಸಿದರು.

"ಕಾರೆಲ್ಲಿ ಸ್ವಾಮಿ?" ಅಂದರು ಅರ್ಚಕರು.

"ಕಾರಿಗೆ ಹೋದ ವರ್ಷ ಆಗಿದೆ. ಇವು ಹೊಸಬರು."

ಭಾವ ಒಂದೊಂದು ಚಕ್ರವನ್ನೂ ಕೈಯಲ್ಲಿ ಉರುಳಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಏಳು ಇಂಚಿನವಕ್ಕೆ ದಪ್ಪ ಹಣ್ಣು ಬೇರೆ. ಅಕ್ಕ ತಲೆ ಎತ್ತದೆ ಫೋನು ನೋಡುತ್ತಿದ್ದಳು. ಅವರಿಬ್ಬರ ಸಂಸಾರ ಮುರಿದದ್ದು ಅಲ್ಲೇ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಸುಳ್ಳು. ಎಲ್ಲಿ ಮುರಿಯಿತೋ ನನಗೆ ಗೊತ್ತಿಲ್ಲ. ಕಥೆಗೆ ನಿಂಬೆಹಣ್ಣು ಒಪ್ಪುತ್ತಿತ್ತು, ಇಟ್ಟುಕೊಂಡೆ.

ಡಿವೋರ್ಸ್ ಆದ ಮೇಲೂ ನವೆಂಬರಿನಲ್ಲಿ ಭಾವ ಅಕ್ಕನ ಮನೆಗೆ ಹಾಜರು. ಸಿಯಾಟಲ್ ಕಡೆ ಹಿಮ ಬೀಳುವುದು ವರ್ಷಕ್ಕೆ ನಾಲ್ಕು ದಿನವೋ ಏನೋ. ಆದರೂ ಗರಾಜಿನಲ್ಲಿ ಯೋಗಾ ಮ್ಯಾಟ್ ಹಾಸಿ, ಮಂಡಿಯೂರಿ ಚಕ್ರ ಬದಲಿಸಿ, ಒಳಗೆ ಕಾಲಿಡದೆ ಹೋಗುತ್ತಿದ್ದರು. ಏಪ್ರಿಲ್‌ನಲ್ಲಿ ಬಿಚ್ಚಲು ಇನ್ನೊಮ್ಮೆ. ಆ ಮನೆಗೆ ಬರಲು ಅವರಿಗೆ ಬೇರೆ ನೆಪ ಉಳಿದಿರಲಿಲ್ಲ.

ಮೂರನೆಯ ವರ್ಷ ಅಕ್ಕ ಹೇಳಿದಳು: "ಸಾಕು ಕಣೋ. ಆ ಸ್ಪ್ಯಾನರಿನ ಕಟಕಟ ಕೇಳಿದ್ರೆ ಒಂದು ವಾರ ನನಗೆ ಏನೂ ಮಾಡೋಕಾಗಲ್ಲ. ಈ ಸಲ ನೀನೇ ಹಾಕು. ಅವ್ರಿಗೂ ನೀನೇ ಹೇಳು."

ಸಿಯಾಟಲ್‌ನ ಫ್ರೀಮಾಂಟಿನಲ್ಲಿರುವ ನನ್ನ ಆಫೀಸಿನಿಂದ ಫೋನು ಮಾಡಿದೆ. "ಭಾವ, ಈ ವರ್ಷ ನಾನೇ ಹಾಕ್ತೀನಿ."

"ಜೋಡಿ ನೋಡ್ಕೊ," ಅಂದರು.

ನೋಡಿಕೊಳ್ಳಲಿಲ್ಲ. ನಾಲ್ಕೂ ಕಪ್ಪಗೆ ಒಂದೇ ಥರ ಇದ್ದವು. ಕೈಗೆ ಸಿಕ್ಕಿದ್ದನ್ನು ಸಿಕ್ಕ ಕಡೆ ಹಾಕಿದೆ. ಅರ್ಧ ಇಂಚು ತಾನೇ?

ಮೊದಲ ಹಿಮಕ್ಕೇ ಅಕ್ಕನ ಕಾರು ಮನೆಯ ಮುಂದಿನ ಇಳಿಜಾರಿನಲ್ಲಿ ಜಾರಿ, ಅಡ್ಡ ತಿರುಗಿ, ಪಕ್ಕದವರ ಅಂಚೆಪೆಟ್ಟಿಗೆಯ ಕಂಬಕ್ಕೆ ಗುದ್ದಿತು. ಅವಳ ಮಣಿಕಟ್ಟು ಉಳುಕಿತು. ಅರ್ಧ ಇಂಚೇ ಕಾರಣವೋ, ಮಂಜುಗಡ್ಡೆಯೋ? ಎರಡು ಥರವೂ ಹೇಳಿ ನೋಡಿದ್ದೇನೆ. ಯಾವ ಥರದಲ್ಲೂ ನನಗೆ ಬಿಡುಗಡೆ ಸಿಕ್ಕಿಲ್ಲ.

ಅಕ್ಕ ಮೊದಲು ಫೋನು ಮಾಡಿದ್ದು ನನಗಲ್ಲ. ನಾನು ತಲುಪುವಷ್ಟರಲ್ಲಿ ಭಾವ ಹಿಮದಲ್ಲಿ ಮಂಡಿಯೂರಿ ಟೇಪು ಹಿಡಿದಿದ್ದರು. ಮುಂದೆ ಒಂದು ಆರೂವರೆ, ಒಂದು ಏಳು. ತಲೆಯೆತ್ತಿ ನನ್ನನ್ನು ನೋಡಿದರು.

"ಏನಂತೆ?" ಮೆಟ್ಟಿಲ ಮೇಲಿಂದ ಅಕ್ಕ ಕೇಳಿದಳು.

"ನನ್ನದೇ ತಪ್ಪು," ಅಂದರು ಭಾವ. "ಯಾವುದು ಎಲ್ಲಿಗೆ ಅಂತ ಗುರುತು ಹಾಕಿಡಬೇಕಿತ್ತು."

"ಹೌದು. ಯಾವಾಗ್ಲೂ ನಿಮ್ಮದೇ."

ನಾನು ಬಾಯಿ ಬಿಡಲಿಲ್ಲ. ಭಾವ ಅಲ್ಲೇ ಚಕ್ರಗಳನ್ನು ಅದಲುಬದಲು ಮಾಡಿ ಹೋದರು. ಆಮೇಲೆ ಬರಲಿಲ್ಲ.

ಏಪ್ರಿಲ್‌ನಲ್ಲಿ ನಾನೇ ಬಿಚ್ಚಿದೆ. ಪ್ರತಿ ರಿಮ್ಮಿನ ಒಳಮೈಯಲ್ಲಿ ಹಳದಿ ಬಣ್ಣದಲ್ಲಿ, ಕನ್ನಡದಲ್ಲಿ ಭಾವ ಬರೆದಿದ್ದರು, ಅವತ್ತು ಅದಲುಬದಲು ಮಾಡುವಾಗಲೇ ಇರಬೇಕು: ಮುಂದೆ ಎಡ. ಮುಂದೆ ಬಲ. ಹಿಂದೆ ಎಡ. ಹಿಂದೆ ಬಲ. ಆ ಬೀದಿಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಅಕ್ಕ ಮತ್ತು ನಾನು.

ಅಕ್ಕನನ್ನು ಕರೆದೆ. "ಅವತ್ತು ತಪ್ಪು ಮಾಡಿದ್ದು ನಾನು," ಎಂದೆ.

"ಗೊತ್ತು. ಅವ್ರು ಜೋಡಿ ತಪ್ಪಿಸೋರಲ್ಲ."

ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಕೂತು, ರಿಮ್ಮಿನ ಕೆಸರು ಒರೆಸತೊಡಗಿದಳು. ಅಕ್ಷರಗಳ ಸುತ್ತ ಮಾತ್ರ, ಬಹಳ ನಿಧಾನವಾಗಿ.