ಮೈದಾನ್ ಹವಲ್ಲಿಯ ಜನರಲ್ ಮ್ಯಾನೇಜರ್

ನಮ್ಮ ಸೋದರಮಾವ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡವನ್ನು ಹನ್ನೆರಡು ವರ್ಷ ಕುವೈತಿನ ಮೈದಾನ್ ಹವಲ್ಲಿಯ ಮೂರನೇ ಮಹಡಿಯ ಫ್ಲ್ಯಾಟಿನಿಂದ ನಡೆಸಿದರು. ಈ ವಿಷಯ ಗೊತ್ತಿಲ್ಲದೆ ಇದ್ದದ್ದು ಆ ತಂಡದವರಿಗೆ ಮಾತ್ರ!

ತಂಡದ ಹೆಸರು ಹೇಳುವುದಿಲ್ಲ. ಸೋಲುವುದರಲ್ಲಿ ಅದಕ್ಕಿದ್ದ ಶ್ರದ್ಧೆಯನ್ನು ಬಲ್ಲವರಿಗೆ ಹೆಸರು ತಾನಾಗಿ ಹೊಳೆಯುತ್ತದೆ. ಮಾವನ ಹೆಸರನ್ನೂ ಹೇಳುವುದಿಲ್ಲ. ನಾನು ಬರೆದದ್ದನ್ನೆಲ್ಲ ಅವರು ಈಗಲೂ ಕೆಂಪು ಪೆನ್ನು ಹಿಡಿದುಕೊಂಡೇ ಓದುತ್ತಾರೆ.

ಮಾವನ ಎತ್ತರ ಐದಡಿ ಮೂರಂಗುಲ. ಮೈಸೂರಿನಲ್ಲಿ ಓದುವಾಗ ಕಾಲೇಜು ತಂಡದಲ್ಲಿ ಆಡಿದ್ದರು. ಒಂದು ಪಂದ್ಯವನ್ನಂತೂ ಅವರೊಬ್ಬರೇ ಗೆಲ್ಲಿಸಿಕೊಟ್ಟಿದ್ದರಂತೆ. ನಾನು ಕುವೈತಿಗೆ ಬಂದಿಳಿದ ದಿನ ಆ ಪಂದ್ಯದಲ್ಲಿ ಅವರು ಹೊಡೆದ ಪಾಯಿಂಟು ಹದಿನಾಲ್ಕಿತ್ತು. ನನಗೆ ಇಕಾಮಾ ಸಿಕ್ಕಿ, ಇಲ್ಲಿ ಇರುವುದಕ್ಕೆ ಸರ್ಕಾರದ ಒಪ್ಪಿಗೆಯ ಮುದ್ರೆ ಬೀಳುವಷ್ಟರಲ್ಲಿ ಅದು ಇಪ್ಪತ್ತೆರಡಾಗಿತ್ತು. ಮುಗಿದುಹೋದ ಪಂದ್ಯದಲ್ಲೂ ಸ್ಕೋರು ಏರಿಸುತ್ತಾ ಹೋಗುವ ಆಟಗಾರ ಪ್ರಪಂಚದಲ್ಲಿ ಇನ್ನೊಬ್ಬನಿದ್ದಾನೆಯೇ?

ಹೊಟ್ಟೆಪಾಡಿಗೆ ಅವರು ಶುವೈಖ್‌ನ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದರು. ದೊಡ್ಡ ದೊಡ್ಡ ಕಟ್ಟಡಗಳಿಗೆ ತಣ್ಣನೆಯ ಗಾಳಿ ಒಯ್ಯುವ ತಗಡಿನ ಕೊಳವೆಗಳನ್ನು ಮಾಡುವ ಜಾಗ ಅದು. ಹಾಗಾಗಿ ಅವರ ಸೊಂಟದಲ್ಲಿ ಯಾವಾಗಲೂ ಒಂದು ಅಳತೆ ಟೇಪು ನೇತಾಡುತ್ತಿತ್ತು. ಬ್ಯಾಸ್ಕೆಟ್‌ಬಾಲಿನಲ್ಲಿ ಎತ್ತರಕ್ಕಿಂತ ತೋಳಿನ ಉದ್ದ ಮುಖ್ಯ ಎನ್ನುವುದು ಮಾವನ ನಂಬಿಕೆ. ಮನೆಗೆ ಬಂದವರಿಗೆ ಅತ್ತೆ ನೀರು ಕೊಡುವ ಮೊದಲೇ ಮಾವ ಟೇಪು ತೆಗೆದು, "ಎಲ್ಲಿ, ಕೈ ಚಾಚಿ ನೋಡೋಣ" ಎನ್ನುತ್ತಿದ್ದರು.

ಇದು ಮನೆಯೊಳಗೇ ಇದ್ದಿದ್ದರೆ ಪರವಾಗಿರಲಿಲ್ಲ. ರಿಗ್ಗೈ ಬಡಾವಣೆಯಲ್ಲಿದ್ದ ಅವರ ಗೆಳೆಯ ಫೆಲಿಕ್ಸ್ ಅಂಕಲ್ ತಮ್ಮ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಮಾವನನ್ನೂ ಕರೆದಿದ್ದರು. ಹುಡುಗ ಬಂದ. ಆರಡಿ ಆಳು. ಮಾವ ತಡೆದುಕೊಳ್ಳಲಿಲ್ಲ. ಗಂಡಿನ ತಾಯಿ ಕೇಕು ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆಯೇ ಹುಡುಗನನ್ನು ಗೋಡೆಗೆ ನಿಲ್ಲಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, "ಫೆಲಿಕ್ಸ್! ಎತ್ತರಕ್ಕಿಂತ ಮೂರಂಗುಲ ಜಾಸ್ತಿ! ಬಿಡಬೇಡ!" ಎಂದು ಕೂಗಿಬಿಟ್ಟರು. ಆ ಮದುವೆ ನಡೆಯಿತು. ಆ ಹುಡುಗ ಮಾತ್ರ ಇವತ್ತಿಗೂ ಮಾವನನ್ನು ಕಂಡರೆ ಕೈಕಟ್ಟಿಕೊಂಡೇ ಮಾತಾಡುತ್ತಾನೆ.

ನನ್ನನ್ನೂ ಏರ್‌ಪೋರ್ಟಿನಲ್ಲೇ ಅಳೆದಿದ್ದರು. "ಎತ್ತರಕ್ಕಿಂತ ಒಂದಂಗುಲ ಕಮ್ಮಿ" ಎಂದು ಅತ್ತೆಯ ಕಡೆ ನೋಡಿ ನಿಟ್ಟುಸಿರಿಟ್ಟರು. ಕುವೈತಿನಲ್ಲಿ ನನಗೆ ಸಿಕ್ಕ ಸ್ವಾಗತ ಅದು.

ಈಗ ಅಮೆರಿಕದ ಆ ಲೀಗಿನ ಒಂದು ವಿಚಿತ್ರ ಪದ್ಧತಿಯನ್ನು ಹೇಳಬೇಕು. ಅಲ್ಲಿ ವರ್ಷವಿಡೀ ಚೆನ್ನಾಗಿ ಸೋತವರಿಗೆ ಬಹುಮಾನ! ಹೊಸದಾಗಿ ಆಟಕ್ಕೆ ಬರುವ ಹುಡುಗರನ್ನು ಪಟ್ಟಿ ಮಾಡಿ, ಕೆಳಗೆ ಬಿದ್ದಿರುವ ತಂಡಗಳಿಗೆ ಮೊದಲು ಆರಿಸಿಕೊಳ್ಳಲು ಬಿಡುತ್ತಾರೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಫೇಲಾದವನಿಗೇ ಮುಂದಿನ ವರ್ಷದ ಮೇಷ್ಟರನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟ ಹಾಗೆ. ನಮ್ಮ ಯೂನಿವರ್ಸಿಟಿಯಲ್ಲಿ ಈ ಪದ್ಧತಿ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರೇಟ್ ಮುಗಿಸಿರುತ್ತಿದ್ದೆ.

ಆ ವರ್ಷ ನಮ್ಮ ತಂಡ ಎಷ್ಟು ನಿಷ್ಠೆಯಿಂದ ಸೋತಿತ್ತೆಂದರೆ ಎರಡನೆಯ ಆಯ್ಕೆ ಅದರ ಪಾಲಿಗೆ ಬಂತು. ಆ ಜಾಗಕ್ಕೆ ಎಲ್ಲರೂ ಹೇಳುತ್ತಿದ್ದದ್ದು ಒಬ್ಬ ಹತ್ತೊಂಬತ್ತರ ಹುಡುಗನ ಹೆಸರು. ಒಣಕಲು ಮೈ, ಎಲ್ಲಿಡಬೇಕೆಂದು ಗೊತ್ತಾಗದ ಕೈಕಾಲು. ಅವನನ್ನೇ ತೆಗೆದುಕೊಳ್ಳಬೇಕೋ, ಆ ಆಯ್ಕೆಯನ್ನೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಪಳಗಿದ ಆಟಗಾರನನ್ನು ತರಬೇಕೋ? ಹೊರಗೆ ಐವತ್ತು ಡಿಗ್ರಿ ಬಿಸಿಲಲ್ಲಿ ರಸ್ತೆಯ ಡಾಂಬರು ಮೆತ್ತಗಾಗುತ್ತಿತ್ತು. ಒಳಗೆ ಪ್ರತಿ ಶುಕ್ರವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಮೂವರು ಈ ಪ್ರಶ್ನೆಗೆ ಕೂರುತ್ತಿದ್ದರು: ಮಾವ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಫೆಲಿಕ್ಸ್ ಅಂಕಲ್, ಮತ್ತು ವರ್ಕ್‌ಶಾಪಿನ ಫಿಲಿಪಿನೋ ವೆಲ್ಡರ್. ಅವರ ಭಾಷೆಯಲ್ಲಿ ಅಣ್ಣನಿಗೆ 'ಕುಯಾ' ಎನ್ನುತ್ತಾರಾದ್ದರಿಂದ ನಮಗೆಲ್ಲ ಆತ ಕುಯಾನೇ.

"ಹುಡುಗ ಬೆಳೀತಾನೆ ಮಾರಾಯ್ರೆ" ಎಂದು ಫೆಲಿಕ್ಸ್ ಅಂಕಲ್ ಶುರು ಮಾಡುತ್ತಿದ್ದರು. "ಅವನ ಕೈ ನೋಡಿದ್ದೀರಾ? ಎರಡು ವರ್ಷ ಬಿಡಿ, ಮತ್ತೆ ಹೇಳಿ."

"ಎರಡು ವರ್ಷ ಯಾರ್ರೀ ಕಾಯೋರು?" ಮಾವ ಸೋಫಾದಲ್ಲಿ ಮುಂದಕ್ಕೆ ಜರುಗುತ್ತಿದ್ದರು. "ಹಸಿ ಹುಡುಗರನ್ನ ನಂಬಿ ಉದ್ಧಾರ ಆದೋರನ್ನ ನಾನು ನೋಡಿಲ್ಲ. ಕೆಲಸ ಗೊತ್ತಿರೋನನ್ನ ತನ್ನಿ, ನಾಳೆ ಬೆಳಿಗ್ಗೆಯಿಂದ ಆಡ್ತಾನೆ."

"ಭಾಯಿ, ಬಿಗ್ ಮ್ಯಾನ್ ಲೇಲೋ. ಲಂಬಾ ಆದ್ಮಿ. ಖಲಾಸ್" ಎಂದು ಕುಯಾ ಮುಗಿಸುತ್ತಿದ್ದ. ಯಾವ ಪ್ರಶ್ನೆಗೂ ಆತನದು ಅದೇ ಉತ್ತರ: ಎತ್ತರದ ಆಳು. ಮನೆಯ ಬಲ್ಬು ಬದಲಿಸುವ ಮಾತು ಬಂದಾಗ ಮಾತ್ರ ಆ ಉತ್ತರ ಸರಿಹೋಗುತ್ತಿತ್ತು.

ಅವರು ಎದ್ದು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಮೂವರನ್ನೂ ಆಡಿ ತೋರಿಸುತ್ತಿದ್ದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆದರೆ ಮಾವನ 'ಹಸಿ ಹುಡುಗ' ಎನ್ನುವ ಮಾತು ಬಂದಾಗ ಮಾತ್ರ ಅದನ್ನು ಹಾರಿಸಿ ಮುಂದಕ್ಕೆ ಹೋಗುತ್ತಿದ್ದೆ. ಅಮೆರಿಕದ ಯಾವುದೋ ಹುಡುಗನ ವಿಷಯಕ್ಕೆ ನನಗೇಕೆ ಅಳುಕು?

ಯಾಕೆಂದರೆ ಆ ಹಸಿ ಹುಡುಗ ನಾನೇ!

ಕುವೈತಿನಲ್ಲಿರುವ ನಾವೆಲ್ಲ ಯಾರೋ ಒಬ್ಬರು ಆರಿಸಿ ತಂದವರೇ. ಕಂಪನಿ ಹಳೆಯ ನೌಕರನೊಬ್ಬನಿಗೆ, "ಒಂದು ವೀಸಾ ಇದೆ, ಯಾರನ್ನಾದರೂ ಕರೆಸಿಕೋ" ಎನ್ನುತ್ತದೆ. ಊರಿನಲ್ಲಿ ಹತ್ತು ಮನೆಯವರು ಆ ಒಂದು ಕಾಗದಕ್ಕೆ ಕತ್ತು ಚಾಚುತ್ತಾರೆ. ಮಾವನಿಗೆ ಅಂಥ ಒಂದೇ ವೀಸಾ ಸಿಕ್ಕಿತ್ತು. ಡಿಗ್ರಿಯಲ್ಲಿ ಎರಡು ಸಲ ಮುಗ್ಗರಿಸಿ, ಮೈಸೂರಿನ ಮದುವೆಮನೆಗಳಲ್ಲಿ ಬೀಗರನ್ನು ಅಣಕಿಸಿ ಹೊತ್ತು ಕಳೆಯುತ್ತಿದ್ದ ನನಗೆ ಅದನ್ನು ಕೊಟ್ಟದ್ದು ನಮ್ಮಮ್ಮನ ಕಣ್ಣೀರಿಗೆ ಹೆದರಿ ಎಂದೇ ನಾನು ತಿಳಿದಿದ್ದೆ. ಬಂದ ಮೇಲೆ ನೂರು ದಿನದ ಪರೀಕ್ಷೆ. ನೂರು ದಿನ ಮುಗಿದಾಗ ಇಟ್ಟುಕೊಳ್ಳಬೇಕೋ, ವಾಪಸು ಕಳಿಸಬೇಕೋ ಎಂದು ಮಾವ ಹೆಡ್ ಆಫೀಸಿಗೆ ಬರೆದು ಕೊಡಬೇಕು. ಅದೇ ಹೊತ್ತಿಗೆ ತಮಿಳುನಾಡಿನ ಒಬ್ಬ ತಗಡಿನ ಕೆಲಸಗಾರ ತನ್ನ ಕಂಪನಿ ಮುಚ್ಚಿಹೋಗಿ, ಹತ್ತು ವರ್ಷದ ಅನುಭವ ಹೊತ್ತುಕೊಂಡು ನಮ್ಮ ವರ್ಕ್‌ಶಾಪಿನ ಬಾಗಿಲಿಗೆ ಬಂದಿದ್ದ. ಇದ್ದದ್ದು ಒಂದೇ ಜಾಗ. ಆತನ ಕೈಯಲ್ಲಿ ತಗಡು ಹಪ್ಪಳದ ಹಿಟ್ಟಿನ ಹಾಗೆ ಬಾಗುತ್ತಿತ್ತು. ನನ್ನ ಕೈಯಲ್ಲಿ ಬಾಗುತ್ತಿದ್ದದ್ದು ನನ್ನ ಹೆಬ್ಬೆರಳು ಮಾತ್ರ.

ಹೀಗಿರುವಾಗ ಪ್ರತಿ ಶುಕ್ರವಾರ ಮಾವ, "ಹಸಿ ಹುಡುಗರನ್ನ ನಂಬಬೇಡಿ" ಎಂದು ತೊಡೆ ತಟ್ಟಿದರೆ ನನಗೆ ಉಪ್ಪಿಟ್ಟು ಇಳಿಯುವುದು ಹೇಗೆ?

ಮಾವನಿಗೆ ಇನ್ನೊಂದು ಅಭ್ಯಾಸವಿತ್ತು. ಡ್ರಾಫ್ಟು ಹತ್ತಿರ ಬಂದಾಗಲೆಲ್ಲ ತಂಡದ ಜನರಲ್ ಮ್ಯಾನೇಜರಿಗೆ ವರ್ಕ್‌ಶಾಪಿನಿಂದ ಫ್ಯಾಕ್ಸು ಕಳಿಸುತ್ತಿದ್ದರು. ರಜಾ ಚೀಟಿಯ ಇಂಗ್ಲಿಷಿನಲ್ಲಿ, 'ಮಾನ್ಯರೇ, ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಆರಂಭ. ಒಂದು ವರ್ಷ ಅಲ್ಲಿಂದ ಉತ್ತರವಾಗಿ ಟಿಕೆಟ್ ಕೊಳ್ಳುವ ಅರ್ಜಿ ಬಂದಿತ್ತು. "ನೋಡಿದ್ಯಾ? ಮಾತುಕತೆಗೆ ಕರೀತಿದಾರೆ" ಎಂದರು ಮಾವ.

ನನ್ನ ನೂರು ದಿನ ಮುಗಿದ ದಿನ ಅವರು ಎರಡು ಹಾಳೆ ನನ್ನ ಕೈಗಿಟ್ಟರು. "ಮೇಲಿನದು ಹೆಡ್ ಆಫೀಸಿಗೆ. ಕೆಳಗಿನದು ಅಮೆರಿಕಕ್ಕೆ. ಓದಬೇಡ."

ಓದುವ ಧೈರ್ಯವಾದರೂ ಎಲ್ಲಿತ್ತು? ಮೇಲಿನದು ನನ್ನ ಹಣೆಬರಹ. ಎರಡನ್ನೂ ಒಟ್ಟಿಗೆ ಮಗುಚಿ ಹಿಡಿದುಕೊಂಡು ಹೋದೆ. ಫ್ಯಾಕ್ಸ್ ಮಷೀನಿನ ಹತ್ತಿರ ನಿಂತಿದ್ದ ಕುಯಾ, "ಮುದೀರ್ ಕರೋ, ಮುದೀರ್ ಕರೋ" ಎಂದ. ಮುದೀರ್ ಎಂದರೆ ಹೆಡ್ ಆಫೀಸಿನ ನಮ್ಮ ಈಜಿಪ್ಟಿನ ಮ್ಯಾನೇಜರು. ನಾನು ಹೊಟ್ಟೆ ಮುಂದೆ ಮಾಡಿ, ಮುದೀರ್ ಸಾಹೇಬರ ಹಾಗೆ ಗಂಟಲು ಕೆರೆಯುತ್ತಾ, ಮೇಲಿದ್ದ ಹಾಳೆಯನ್ನು ಹೆಡ್ ಆಫೀಸಿಗೂ ಕೆಳಗಿದ್ದದ್ದನ್ನು ಅಮೆರಿಕಕ್ಕೂ ಕಳಿಸಿದೆ. ಕಟ್ಟನ್ನು ಮಗುಚಿದಾಗ ಮೇಲಿದ್ದದ್ದು ಕೆಳಗೆ ಹೋಗುತ್ತದೆ ಎಂಬುದು ಎಲ್‌ಕೆಜಿ ಮಗುವಿಗೂ ಗೊತ್ತು. ನನಗೆ ಗೊತ್ತಾದದ್ದು ಮಾರನೆಯ ದಿನ.

ಮುದೀರ್ ಫೋನು ಮಾಡಿ ಮಾವನಿಗೆ ಹೇಳಿದರಂತೆ: "ನಿನ್ನ ಸಲಹೆ ಬಹಳ ಸರಿ ಹಬೀಬಿ. ಹುಡುಗ ಹಸಿ, ಕೆಲಸಕ್ಕಾಗುವುದಿಲ್ಲ, ಬಿಟ್ಟುಬಿಟ್ಟು ಅನುಭವಸ್ಥನನ್ನು ತೆಗೆದುಕೊಳ್ಳಿ ಅಂತ ಬರೆದಿದ್ದೀಯ. ಖಲಾಸ್. ನಾಳೆಯೇ ಅವನ ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆ."

ಮಾವ ಫೋನಿಟ್ಟು ನನ್ನ ಕಡೆ ನೋಡಿದರು. "ಲೋ, ನಿನ್ನನ್ನ ನೀನೇ ಊರಿಗೆ ಕಳಿಸಿಕೊಂಡ್ಯಲ್ಲೋ!"

ಕಾರು ಹೆಡ್ ಆಫೀಸಿಗೆ ಹೊರಟಿತು. ದಾರಿಯುದ್ದಕ್ಕೂ, ಅಮ್ಮನಿಗೆ ಏನು ಹೇಳುವುದು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಹಬ್ಬಕ್ಕೆ ಬಂದೆ ಎನ್ನಲೇ? ಯಾವ ಹಬ್ಬ?

ಮುದೀರ್ ಕೋಣೆಯ ಹೊರಗೆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಮಾವ ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ಇದು ನಿನ್ನ ಕೈಬರಹ ತಾನೇ?" ಮುದೀರ್ ಕೇಳಿದರು.

"ಹೌದು ಸರ್. ಆದರೆ ಅದು ಬ್ಯಾಸ್ಕೆಟ್‌ಬಾಲ್ ವಿಷಯ."

"ಬ್ಯಾಸ್ಕೆಟ್‌ಬಾಲ್?"

"ಅಮೆರಿಕಕ್ಕೆ ಬರೆದದ್ದು ಸರ್."

"ಆಫೀಸಿನ ಫ್ಯಾಕ್ಸಿನಲ್ಲಿ ಅಮೆರಿಕಕ್ಕೆ?"

ಹನ್ನೆರಡು ವರ್ಷದ ಫ್ಯಾಕ್ಸಿನ ಗುಟ್ಟನ್ನು ಮಾವ ನನಗೋಸ್ಕರ ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು. ಮುದೀರ್ ಕಾಗದ ಎತ್ತಿ ಓದತೊಡಗಿದರು. ಹುಡುಗನ ಹೆಸರಾಗಲಿ ಬ್ಯಾಸ್ಕೆಟ್‌ಬಾಲ್ ಎಂಬ ಪದವಾಗಲಿ ಅದರಲ್ಲಿ ಎಲ್ಲೂ ಇರಲಿಲ್ಲ. ಹಸಿ ಹುಡುಗರು ಪಾಠ ಕಲಿಯುವಷ್ಟರಲ್ಲಿ ತಂಡ ಮುಳುಗುತ್ತದೆ, ಅನುಭವಕ್ಕೆ ಬದಲಿ ಇಲ್ಲ, ಕರುಣೆಗೆ ಇದು ಜಾಗವಲ್ಲ. ಒಂದೊಂದಾಗಿ ಮಾವನ ವಾದಗಳೇ ಮಾವನ ಎದುರು ಬಂದು ನಿಂತವು. "ಎಲ್ಲ ನಿಜ ತಾನೇ?" ಎಂದರು ಮುದೀರ್.

ಆಗ ನಮ್ಮ ಮಾವ ಶುರು ಮಾಡಿದರು ನೋಡಿ! "ಹುಡುಗ ಬೆಳೆಯುತ್ತಾನೆ ಸರ್. ಅವನ ಕೈ ನೋಡಿ. ಸ್ವಲ್ಪ ಕಾಲ ಬಿಡಿ, ಆಮೇಲೆ ಹೇಳಿ." ಫೆಲಿಕ್ಸ್ ಅಂಕಲ್ ಆಡುವ ಮಾತೇ, ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ! ಅಷ್ಟು ಶುಕ್ರವಾರ ಅವರು ಬಾಯಿ ಜಗಳವಾಡುತ್ತಾ ಎದುರಾಳಿಯ ಮಾತನ್ನು ಅಷ್ಟೂ ಕೇಳಿಸಿಕೊಂಡಿದ್ದರೆಂದು ನನಗೆ ಅವತ್ತೇ ಗೊತ್ತಾದದ್ದು.

"ಹಾಗಾದರೆ ನಮಗೆ ಬರೆದ ಕಾಗದದಲ್ಲಿ ಏನಿತ್ತು?"

ಮಾವ ಬಾಯಿಪಾಠ ಒಪ್ಪಿಸಿದರು. "ತಡವಾಗಿ ಬರುತ್ತಾನೆ. ಎಲ್ಲರನ್ನೂ ಅಣಕಿಸುತ್ತಾನೆ, ತಮ್ಮನ್ನೂ ಸೇರಿಸಿ. ಮೊದಲ ತಿಂಗಳು ತಗಡು ಹಾಳು ಮಾಡಿದ. ಎರಡನೇ ತಿಂಗಳು ಕಡಿಮೆ ಮಾಡಿದ. ಈ ತಿಂಗಳು, ಯಾರೂ ಹೇಳದೆ, ಸಂಜೆ ಅರ್ಧ ಗಂಟೆ ನಿಂತು ಚೂರು ತಗಡಿನಲ್ಲಿ ಕೊಯ್ಯುವುದನ್ನು ಅಭ್ಯಾಸ ಮಾಡುತ್ತಾನೆ. ಅವನನ್ನು ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ."

ನಾನು ಅಭ್ಯಾಸ ಮಾಡುತ್ತಿದ್ದದ್ದು ಗೋದಾಮಿನ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ. ಕಂಡರೆ ನಗುತ್ತಾರಲ್ಲ! ಎಲ್ಲರನ್ನೂ ನೋಡಿ ನಗುವವನಿಗೆ ಇರುವ ದೊಡ್ಡ ಭಯ ಅದೊಂದೇ.

"ಇನ್ನು ನೂರು ದಿನ ಕೊಡಿ" ಎನ್ನುತ್ತಿದ್ದರು ಮಾವ. "ಆಗಲೂ ಕಲಿಯದಿದ್ದರೆ, ಅವನಿಗೆ ಟಿಕೆಟ್ ತೆಗೆಯುವಾಗ ನನಗೂ ಒಂದು ತೆಗೆಯಿರಿ."

ಮುದೀರ್ ನಕ್ಕರು. ಮಾವ ನಗಲಿಲ್ಲ. ಅದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

ಕಾರಿನಲ್ಲಿ ನಾನು, "ಮಾವ, ಒಳಗೆ ನೀವು ಹೇಳಿದ್ದು..." ಎಂದೆ.

"ಏನು ಹೇಳಿದೆ? ಇನ್ನು ನೂರು ದಿನ ಕೊಟ್ಟಿದಾರೆ. ಫ್ಯಾಕ್ಸಿಗೆ ಬೀಗ ಹಾಕಿಸ್ತಾರಂತೆ. ಸೀಟ್ ಬೆಲ್ಟ್ ಹಾಕ್ಕೋ."

ತಮಿಳುನಾಡಿನ ಆ ಮನುಷ್ಯನಿಗೆ ಮುಖ ತೋರಿಸಲು ನಾನು ಒಂದು ವಾರ ಹೆದರಿದೆ. ಮಾವ ಮಾತ್ರ ದಿನಾ ಯಾರಿಗಾದರೊಬ್ಬರಿಗೆ ಫೋನು ಮಾಡಿ, ತಿಂಗಳೊಳಗೆ ಆತನನ್ನು ಬೇರೊಂದು ವರ್ಕ್‌ಶಾಪಿಗೆ ಸೇರಿಸಿದರು. ಒಬ್ಬರನ್ನು ಆರಿಸಿದಾಗ ಇನ್ನೊಬ್ಬರು ಬಾಗಿಲ ಹೊರಗೆ ಉಳಿಯುತ್ತಾರೆ. ಟಿ.ವಿ.ಯಲ್ಲಿ ಅದನ್ನು ತೋರಿಸುವುದಿಲ್ಲ.

ಡ್ರಾಫ್ಟಿನ ಮರುಪ್ರಸಾರ ಶುಕ್ರವಾರ ಬೆಳಿಗ್ಗೆ ಇತ್ತು. ಫಲಿತಾಂಶ ಮೊದಲೇ ತಿಳಿಯಬಾರದೆಂದು ಮನೆಯಲ್ಲಿ ಪೇಪರು ಬಿಚ್ಚಲೂ ಬಿಟ್ಟಿರಲಿಲ್ಲ. ನಮ್ಮ ತಂಡ ಆ ಹತ್ತೊಂಬತ್ತರ ಹುಡುಗನ ಹೆಸರನ್ನೇ ಕರೆಯಿತು. ಫೆಲಿಕ್ಸ್ ಅಂಕಲ್, "ಹೇಳಿರ್ಲಿಲ್ವಾ ನಾನು!" ಎಂದು ಎದ್ದು ನಿಂತರು. ಕುಯಾ ತಲೆ ಚಚ್ಚಿಕೊಂಡ. ನಾವೆಲ್ಲ ಮಾವನ ಕಡೆ ತಿರುಗಿದೆವು. ಈಗ ಸಿಡಿಯುತ್ತಾರೆ!

ಮಾವ ಟಿ.ವಿ.ಯನ್ನೇ ನೋಡುತ್ತಿದ್ದರು. ಕೈಗೆ ತೋಳು ಸಾಲದ ಸೂಟು ತೊಟ್ಟ ಹುಡುಗ ಬಗ್ಗಿ ತಾಯಿಯನ್ನು ತಬ್ಬಿಕೊಂಡಿದ್ದ. ಆಕೆ ಅವನ ಬೆನ್ನು ಬಿಡುತ್ತಿರಲಿಲ್ಲ.

"ಆ ಊರು ಇವನ ಮನೆಯಿಂದ ಎಷ್ಟು ದೂರವೋ" ಎಂದರು ಮಾವ. "ಊಟಕ್ಕೆ ಏನ್ ಮಾಡ್ಕೋತಾನೋ."

"ಕೋಟಿಗಟ್ಟಲೆ ಸಂಬಳ ಉಂಟು ಮಾರಾಯ್ರೆ! ಅಡುಗೆಯವನನ್ನು ಇಟ್ಕೊಳ್ತಾನೆ" ಎಂದರು ಫೆಲಿಕ್ಸ್ ಅಂಕಲ್.

"ಅಡುಗೆಯವನು ಅಡುಗೆ ಮಾಡ್ತಾನೆ ಫೆಲಿಕ್ಸ್. ಊಟ ಆಯ್ತೇನೋ ಅಂತ ಕೇಳೋರು ಒಬ್ರು ಬೇಡ್ವಾ?"

ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಉಪ್ಪಿಟ್ಟು ಇತ್ತು. ಆದರೂ ಕೈ ತೊಳೆಯುವ ನೆಪ ಮಾಡಿ ಎದ್ದು ಒಳಗೆ ಹೋದೆ, ಮತ್ತು ನಲ್ಲಿಯನ್ನು ಬಹಳ ಹೊತ್ತು ನಿಲ್ಲಿಸಲಿಲ್ಲ.