ಸೂರ್ಯಾಸ್ತದ ಪರಿಷ್ಕೃತ ವೇಳೆ

ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ದಣಿವಾಗುತ್ತದೆ ಎಂಬುದನ್ನು ಬೆಳಗಾವಿಯ ಒಂದು ವಿಶ್ವವಿದ್ಯಾಲಯ ಕಳೆದ ಜುಲೈನಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಅದಕ್ಕೂ ಮೊದಲು ಅವರು ಅನುಮತಿಯಿಲ್ಲದೆ ದಣಿಯುತ್ತಿದ್ದರು.

ಕಲ್ಯಾಣ ಅನುದಾನ ಬಂದದ್ದು ಜೂನ್‌ನಲ್ಲಿ, ದಣಿವು ಪತ್ತೆಯಾದದ್ದು ಜುಲೈನಲ್ಲಿ. ಆಗಸ್ಟ್ ಹೊತ್ತಿಗೆ ಹಳೆಯ ಸೈಕಲ್ ಶೆಡ್ ವಿಶ್ರಾಂತಿ ಕೊಠಡಿಯಾಯಿತು, ಪಕ್ಕದ ಮಚ್ಛೆ ಊರಿನ ಕಾರ್ಖಾನೆಯೊಂದರಿಂದ ಕಬ್ಬಿಣದ ಮಂಚಗಳು ಬಂದವು. ಕಾರ್ಖಾನೆ ಉಪಕುಲಸಚಿವ ಈರಯ್ಯನವರ ಸೋದರಳಿಯನದು. ಟೆಂಡರು ಹಾಕಿದ ಉಳಿದ ಇಬ್ಬರೂ ಅವರ ಸೋದರಳಿಯಂದಿರೇ ಆಗಿದ್ದರಿಂದ ಪಕ್ಷಪಾತಕ್ಕೆ ಅವಕಾಶವಿರಲಿಲ್ಲ.

ಮಂಚ ಬಂದ ಮೇಲೆ ಮಲಗುವವರು ಬೇಕು. ಸುತ್ತೋಲೆ ಹೊರಟಿತು: "ದುಡಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಲಸ ಮುಗಿದ ಕ್ಷಣದಿಂದ ಒಂದು ಗಂಟೆ ವಿಶ್ರಮಿಸತಕ್ಕದ್ದು. ಕಣ್ಣು ಮುಚ್ಚಿದ ಛಾಯಾಚಿತ್ರವನ್ನು ಆ್ಯಪ್‌ಗೆ ಏರಿಸತಕ್ಕದ್ದು. ವಿಶ್ರಾಂತಿಯ ವೇಳೆ ಓದುವುದು, ಮಾತನಾಡುವುದು ಹಾಗೂ ತಿನ್ನುವುದನ್ನು ಶ್ರಮವೆಂದು ಪರಿಗಣಿಸಲಾಗುವುದು." ಕಣ್ಣು ಮುಚ್ಚಿದ ಫೋಟೋ ಎಷ್ಟೋ ಮುಂದಿನ ಕಂತಿನ ಅನುದಾನ ಅಷ್ಟು.

ಈ ಸೌಲಭ್ಯ ಅನುಜಾಳ ಊಟಕ್ಕೆ ಕುತ್ತಾಗಿ ಬಂತು.

ಅನುಜಾ ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಾಳೆ. ತರಗತಿ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಬ್ಯೂರೆಟ್ಟು ತೊಳೆದು, ಮರುದಿನದ ದ್ರಾವಣ ಮಾಡಿಟ್ಟು, ನಾಲ್ಕೂವರೆಗೆ ಬಿಡುತ್ತಿದ್ದಳು. ಬಸ್ಸು ಹಿಡಿದು ಮನೆ ಮುಟ್ಟಿದರೆ ಅಜ್ಜಿ ಸೋನಾಬಾಯಿ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ದೀಪಾವಳಿ ಕಳೆದು ಸೂರ್ಯ ಆರಕ್ಕೇ ಮುಳುಗತೊಡಗಿದಾಗ ಲೆಕ್ಕ ತಪ್ಪಿತು. ವಿಶ್ರಾಂತಿ ಮುಗಿಸಿ ಊರು ಸೇರುವ ಹೊತ್ತಿಗೆ ಒಲೆ ಆರಿರುತ್ತಿತ್ತು. ಬುತ್ತಿ ಒಯ್ಯೋಣವೆಂದರೆ ಕೊಠಡಿಯಲ್ಲಿ ತಿನ್ನುವಂತಿಲ್ಲ, ತುಂಬಿದ ಬಸ್ಸಿನಲ್ಲಿ ನಿಂತು ತಿನ್ನಲಾಗದು, ಪ್ರಯೋಗಾಲಯದಲ್ಲಂತೂ ತಿನ್ನಲೇಬಾರದು. ಆ ಒಂದು ನಿಯಮಕ್ಕೆ ಮಾತ್ರ ಕಾರಣವಿತ್ತು. ಕೆಲಸ ಬಿಟ್ಟರೆ ಶುಲ್ಕದ ರಿಯಾಯಿತಿ ಹೋಗುತ್ತದೆ, ರಿಯಾಯಿತಿ ಹೋದರೆ ಎಂ.ಎಸ್ಸಿ. ಹೋಗುತ್ತದೆ.

ರಾತ್ರಿ ಉಪವಾಸ ಮಲಗಿ ಅನುಜಾಳಿಗೆ ಹಗಲು ಕಣ್ಣು ಕತ್ತಲೆ ಬರತೊಡಗಿತು. ವಿಶ್ರಾಂತಿ ಕೊಠಡಿಯ ಮೇಲ್ವಿಚಾರಕಿ ಇದನ್ನು ಗಮನಿಸಿ ವರದಿ ಮಾಡಿದಳು. ವಿದ್ಯಾರ್ಥಿಗಳ ದಣಿವು ಹೆಚ್ಚಿದೆ ಎಂದು ಮನಗಂಡ ವಿಶ್ವವಿದ್ಯಾಲಯ ಎಲ್ಲರ ವಿಶ್ರಾಂತಿಯನ್ನು ಅರ್ಧ ಗಂಟೆ ಹೆಚ್ಚಿಸಿತು.

"ನಿನ್ನ ದಯಾದಿಂದ ನಮಗೂ ಅರ್ಧ ತಾಸು ಜಾಸ್ತಿ ಶಿಕ್ಷಾ ಆತು ನೋಡು," ಎಂದ ಬಾಜೂ ಮಂಚದ ಆಕಾಶ. ಅವನು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವನು. "ಇನ್ನೊಂದೀಟು ದಣದಿ ಅಂದ್ರ ಮುಂಜಾನಿತನ ಇಲ್ಲೇ ಮಕ್ಕೋಬೇಕಾಕ್ಕೈತಿ."

"ಮಾತಾಡಬ್ಯಾಡ, ಶ್ರಮ ಆಕ್ಕೈತಿ," ಎಂದಳು ಅನುಜಾ, ಕಣ್ಣು ಮುಚ್ಚಿಕೊಂಡೇ.

ಮರುದಿನ ಅವಳು ಈರಯ್ಯನವರ ಎದುರು ನಿಂತಳು.

"ಬಾರವಾ, ಕುಂದರು. ಏನಾಗಬೇಕು?"

"ಸರ್, ನನಗ ವಿಶ್ರಾಂತಿ ಬ್ಯಾಡ್ರಿ."

ಈರಯ್ಯ ಕನ್ನಡಕ ತೆಗೆದರು. "ಬ್ಯಾಡ ಅನ್ನಾಕ ಅದೇನು ಚಹಾ ಏನವಾ? ಹಕ್ಕು ಐತಿ ಅದು. ಹಕ್ಕು ಅಂದ ಮ್ಯಾಲ ಕಡ್ಡಾಯ."

"ಊಟ ತಪ್ಪಾಕತ್ತೈತ್ರಿ. ಮನಿ ಮುಟ್ಟೂದರಾಗ ಸೂರ್ಯ ಮುಳುಗಿರ್ತಾನ."

ಈರಯ್ಯ ನಿಜಕ್ಕೂ ಗಾಬರಿಯಾದರು. ಧರ್ಮದ ವಿಷಯ. ಪತ್ರಿಕೆಯಲ್ಲಿ ಬಂದರೆ ಅನುದಾನಕ್ಕೆ ಧಕ್ಕೆ. ಅಂದೇ ಒಂದು ಸಮಿತಿಯಾಯಿತು.

ಸಮಿತಿ ಕ್ರಮಬದ್ಧವಾಗಿ ವಿಚಾರ ಮಾಡಿತು. ವಿಶ್ರಾಂತಿಯನ್ನು ಕಡಿಮೆ ಮಾಡುವಂತಿಲ್ಲ, ಅದಕ್ಕೆ ಅನುದಾನ ಬಂದಿದೆ. ಕೆಲಸದ ವೇಳೆ ಬದಲಿಸುವಂತಿಲ್ಲ, ವೇಳಾಪಟ್ಟಿ ಅಚ್ಚಾಗಿದೆ. ಊಟದ ಪದ್ಧತಿ ಮುಟ್ಟುವಂತಿಲ್ಲ, ಭಾವನೆಗಳಿವೆ. ಇವೆಲ್ಲವನ್ನೂ ಕಳೆದ ಮೇಲೆ ಬದಲಿಸಲು ಉಳಿದದ್ದು ಸೂರ್ಯ ಒಬ್ಬನೇ.

ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಬಸವಪ್ರಸಾದರನ್ನು ಕರೆಸಲಾಯಿತು. ಅವರ ಬಡ್ತಿಯ ಫೈಲು ಈರಯ್ಯನವರ ಮೇಜಿನ ಮೇಲಿತ್ತು. ಸಭೆ ಮುಗಿಯುವವರೆಗೂ ಅದು ಅವರ ಕಣ್ಣಿಗೆ ಬೀಳುವ ಹಾಗೆಯೇ ಇತ್ತು.

"ಸೂರ್ಯ ಎಷ್ಟಕ್ಕ ಮುಳುಗ್ತಾನ್ರಿ ಪ್ರೊಫೆಸರ್?" ಎಂದು ಕೇಳಿದರು ಈರಯ್ಯ.

"ಅದು ನೋಡೋರು ಎಲ್ಲಿ ನಿಂತಾರ ಅನ್ನೂದರ ಮ್ಯಾಲ ಐತ್ರಿ."

"ನಮ್ಮ ಕ್ಯಾಂಪಸ್ಸಿನಾಗ ಮುಳುಗೂದನ್ನ ಯಾರರ ನೋಡ್ಯಾರೇನ್ರಿ?"

"ಪಶ್ಚಿಮಕ್ಕ ನಿಮ್ಮ ಆಡಳಿತ ಭವನ ಅಡ್ಡ ಐತಲ್ರಿ. ಯಾರಿಗೂ ಕಾಣೂದಿಲ್ಲ."

"ಅಂದ್ರ ಮುಳುಗಿದ್ದಕ್ಕ ಸಾಕ್ಷಿ ಇಲ್ಲ."

ಮೂಲೆಯಲ್ಲಿ ಕೂತಿದ್ದ ಅನುಜಾ ಎದ್ದಳು. "ಕತ್ತಲಾಗ್ತದಲ್ರೀ ಸರ್!"

"ಕತ್ತಲಾಗೂದು ಬ್ಯಾರೆ, ಮುಳುಗೂದು ಬ್ಯಾರೆ," ಎಂದರು ಬಸವಪ್ರಸಾದ, ಫೈಲಿನಿಂದ ಕಣ್ಣು ತೆಗೆಯದೆ. "ನೀ ಕೆಮಿಸ್ಟ್ರಿಯಾಕಿ. ಇದು ಫಿಜಿಕ್ಸ್."

ಸೋಮವಾರ ಸುತ್ತೋಲೆ ಬಂತು: "ವಿಶ್ವವಿದ್ಯಾಲಯದ ಆವರಣದಲ್ಲಿ ಸೂರ್ಯಾಸ್ತವನ್ನು ಮುಂದಿನ ಆದೇಶದವರೆಗೆ ಸಂಜೆ ಏಳೂವರೆ ಗಂಟೆಗೆ ನಿಗದಿಪಡಿಸಲಾಗಿದೆ. ಅದಕ್ಕಿಂತ ಮೊದಲು ಕಂಡುಬರುವ ಕತ್ತಲೆಯನ್ನು ಮೋಡವೆಂದು ಭಾವಿಸತಕ್ಕದ್ದು. ಸಂಬಂಧಪಟ್ಟ ವಿದ್ಯಾರ್ಥಿನಿಯು ವಿಶ್ರಾಂತಿಯ ನಂತರ ಆವರಣದಲ್ಲಿಯೇ ಹಗಲೂಟ ಮಾಡಬಹುದಾಗಿದೆ."

ಹಗಲಿನಲ್ಲಿ ದೀಪ ಉರಿಸುವುದು ಅಪವ್ಯಯವಾದ್ದರಿಂದ ಏಳೂವರೆಯವರೆಗೆ ಕ್ಯಾಂಪಸ್ಸಿನ ದೀಪಗಳನ್ನು ಹಚ್ಚಲಿಲ್ಲ. ಮೊದಲ ವಾರ ಇಬ್ಬರು ಗುಮಾಸ್ತರು ಗುದ್ದಿಕೊಂಡು ಬಿದ್ದರು. ಎರಡನೆಯ ವಾರ ಜನ ಗೋಡೆ ಮುಟ್ಟಿಕೊಂಡು ನಡೆಯುವುದನ್ನು ರೂಢಿಸಿಕೊಂಡರು. ಎದುರಿಗೆ ಯಾರೋ ಬಂದಂತಾದರೆ "ಇವತ್ತ ಮೋಡ ಭಾಳ ಐತಿ" ಎನ್ನುವುದು ನಮಸ್ಕಾರದ ಜಾಗಕ್ಕೆ ಬಂತು.

ಅನುಜಾ ಬುತ್ತಿ ತಂದಳು. ಆರೂವರೆಗೆ ತೋಟದ ಕಟ್ಟೆಯ ಮೇಲೆ ಕೂತು ಅಜ್ಜಿಗೆ ಫೋನ್ ಮಾಡಿದಳು.

"ಆಯಿ, ನಮ್ಮಲ್ಲಿ ಸೂರ್ಯ ಇನ್ನೂ ಮುಳುಗಿಲ್ಲಂತ."

"ಖಾನಾಪುರದಾಗ ಯಾವಾಗೋ ಮುಳುಗ್ಯಾನಲ್ಲ! ನಿಮ್ಮಲ್ಲಿ ಏನು ಓವರ್‌ಟೈಮ್ ಮಾಡಾಕತ್ತಾನೇನ?"

"ಉಣ್ಲೇನು?"

"ಬುತ್ತಿಯೊಳಗ ಇರುವಿ ಹರದ್ರ ಕಾಣ್ತದೇನ?"

ಅನುಜಾ ಬಗ್ಗಿ ನೋಡಿದಳು. ಇರುವೆ ಇರಲಿ, ರೊಟ್ಟಿಯೇ ಕಾಣಲಿಲ್ಲ. "ಇಲ್ಲ ಆಯಿ."

"ಹಂಗಾರ ಆ ಸೂರ್ಯ ನಿಮ್ಮ ಸಾಹೇಬರಿಗೇ ಇರ್ಲಿ. ಬುತ್ತಿ ಮುಚ್ಚು."

ಅವಳು ಮುಚ್ಚಿದಳು. ಕಡತದಲ್ಲಿ ದೂರು ಇತ್ಯರ್ಥವಾಗಿತ್ತು. ವಿದ್ಯಾರ್ಥಿನಿ ದಿನಾಲೂ ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತಿದ್ದಾಳೆ ಎಂದು ದಾಖಲಾಗಿತ್ತು.

ಡಿಸೆಂಬರಿನಲ್ಲಿ ಅನುದಾನ ಕೊಟ್ಟವರ ಪರಿಶೀಲನಾ ತಂಡ ಬಂತು. ನಾಲ್ಕೂವರೆಗೆ ಬರಬೇಕಾದ ತಂಡ ಬಂದದ್ದು ಏಳಕ್ಕೆ. ಅಲ್ಲಿಯವರೆಗೂ ವಿದ್ಯಾರ್ಥಿಗಳನ್ನು ವಿಶ್ರಾಂತಿಯಲ್ಲೇ ಇರಿಸಲಾಗಿತ್ತು. ತಂಡದವರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕೊಠಡಿಯೊಳಗೆ ಬಂದರು. ಅಧ್ಯಕ್ಷರ ಮೊಣಕಾಲು ಅನುಜಾಳ ಮಂಚಕ್ಕೆ ಬಡಿಯಿತು.

"ಯಾರವಾ ಇದು? ಊಟ ಆತೇನ?"

"ಸೂರ್ಯ ಇನ್ನೂ ಮ್ಯಾಲ ಅದಾನ್ರಿ, ವ್ಯಾಳ್ಯಾ ಐತಿ," ಎಂದರು ಈರಯ್ಯ. ತಂಡದವರು ಮೊಬೈಲಿನಲ್ಲಿ ಸುತ್ತೋಲೆ ನೋಡಿ, ಆಮೇಲೆ ಗಡಿಯಾರ ನೋಡಿ, ಸರಿಯಾಗಿದೆ ಎಂದರು.

"ಇಲ್ಲಿ ಏನರ ಕೊರತಿ ಐತೇನವಾ? ಹೆದರಬ್ಯಾಡ, ಹೇಳು," ಎಂದರು ಅಧ್ಯಕ್ಷರು.

ಬಾಜೂ ಮಂಚದ ಆಕಾಶ ಕತ್ತಲಲ್ಲೇ ಅನುಜಾಳ ಮಂಚವನ್ನು ಕಾಲಿನಿಂದ ತಿವಿದ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎನ್ನಿಸಿತು ಅವಳಿಗೆ. ಇವರ ಬಾಯಿಂದಲೇ ಕತ್ತಲೆ ಎನ್ನಿಸಬೇಕು.

"ಕಿಟಕಿಗೆ ಪರದೆ ಇಲ್ರಿ," ಎಂದಳು ಗಟ್ಟಿಯಾಗಿ. "ಬಿಸಿಲು ಕಣ್ಣಿಗೆ ಬೀಳ್ತದ."

ಯಾರಾದರೂ ನಗುತ್ತಾರೆ ಎಂದು ಅವಳು ಕಾದಳು.

"ಭಾಳ ಖರೇ ಮಾತು," ಎಂದರು ಅಧ್ಯಕ್ಷರು. "ಇಷ್ಟು ಬಿಸಿಲಾಗ ಹುಡುಗೋರು ಹೆಂಗ ಮಕ್ಕೋಬೇಕ್ರಿ ಈರಯ್ಯ?"

"ತಪ್ಪಾತ್ರಿ ಸಾಹೇಬರ," ಎಂದ ಈರಯ್ಯನವರ ದನಿಯಲ್ಲಿ ಸಂತೋಷವಿತ್ತು. ಅವರಿಗೆ ಬಟ್ಟೆ ಅಂಗಡಿಯ ಸೋದರಳಿಯನೂ ಇದ್ದ.

ಪರದೆಗಳಿಗೆ ನಿಂತ ಕಾಲಲ್ಲೇ ಮಂಜೂರಾತಿ ಸಿಕ್ಕಿತು. ವಾರದೊಳಗೆ ದಪ್ಪನೆಯ ಕಂದು ಪರದೆಗಳು ಬಂದವು. ಅವನ್ನು ಸಂಜೆ ನಾಲ್ಕೂವರೆಗೆ ಎಳೆದು ಏಳೂವರೆಗೆ ಸರಿಸುವ ಕೆಲಸಕ್ಕೆ, ಬೇಡಿಕೆ ಇಟ್ಟವಳೇ ಅರ್ಹಳೆಂದು, ಅನುಜಾಳನ್ನು ನೇಮಿಸಲಾಯಿತು. ಮೊದಲ ದಿನ ಅವಳು ಪರದೆ ಎಳೆದು ಬಂದು ಮಂಚದ ಮೇಲೆ ಒರಗಿದಳು. ಫೋಟೋ ತೆಗೆಸಿಕೊಳ್ಳುವಾಗ ಕಣ್ಣಿಗೆ ಖರೇನೇ ತಂಪೆನಿಸಿತು.