ಹದಿನೈದು ಅಡಿ ಹುಲ್ಲಿಗೆ ಒಂದೂವರೆ ಎಕರೆ ಮಳೆ

ಚನ್ನಪಟ್ಟಣದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ಮುಂದುಗಡೆ ಹದಿನೈದು ಅಡಿ ಜಾಗ ಉಳಿಯಿತು. ನನ್ನ ಹೆಂಡತಿ ಶೋಭಾ ಅಲ್ಲಿ ಹುಲ್ಲು ಬೆಳೆಸಿ, ಅಂಚಿಗೆ ನಾಲ್ಕು ಗುಲಾಬಿ ನೆಟ್ಟಳು. ದಿನಾ ಪೈಪು ಹಿಡಿದು ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನೋ ಬಿಡದಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್! ದೊಡ್ಡ ದೊಡ್ಡ ಯಂತ್ರಗಳನ್ನು ಆಳುವವನು ಲುಂಗಿ ಎತ್ತಿ ಕಟ್ಟಿ ಹುಲ್ಲಿನ ಮುಂದೆ ನಿಲ್ಲುವುದೇ?

“ಬೆಳಗ್ಗೆ ಆರಕ್ಕೆ ನೀರು ತಾನೇ ಬಂದು ತಾನೇ ನಿಲ್ಲಬೇಕು. ಅಂಥ ವ್ಯವಸ್ಥೆ ನಾನೇ ಮಾಡ್ತೀನಿ” ಎಂದು ಘೋಷಿಸಿದೆ.

“ಯಾರಾದ್ರೂ ಪ್ಲಂಬರ್‌ನ ಕರೆಸಬಾರ್ದಾ?”

“ಪ್ಲಂಬರಾ! ಈ ಕೈ ಇರೋದು ಯಾತಕ್ಕೆ?”

ಶೋಭಾ ಆ ಕೈಯನ್ನು ಒಮ್ಮೆ ನೋಡಿದಳು.

ಹೆದ್ದಾರಿ ಪಕ್ಕದ ಪೈಪಿನ ಅಂಗಡಿಗೆ ಹೋದೆ. ಮುಂದೆ ನಿಂತಿದ್ದ ರೈತರೊಬ್ಬರು ನಾಲ್ಕು ಎಕರೆಗೆ ಸಾಮಾನು ಕಟ್ಟಿಸುತ್ತಿದ್ದರು. ಅಂಗಡಿಯವನು ನನ್ನ ಕಡೆ ತಿರುಗಿ, “ನಿಮ್ದು ಎಷ್ಟೈತೆ ಸಾ?” ಎಂದ.

ಆ ರೈತರ ಎದುರು ‘ಹದಿನೈದು ಅಡಿ’ ಎನ್ನಲು ನಾಲಿಗೆ ಏಳಲಿಲ್ಲ.

“ಒಂದು... ಒಂದೂವರೆ ಎಕರೆ” ಎಂದುಬಿಟ್ಟೆ.

“ಹಂಗಾರೆ ಇದನ್ನ ತಕ್ಕಳಿ. ರಾಗಿ ಹೊಲಕ್ಕೆ ಕಣ್ಮುಚ್ಕಂಡು ಕೊಡ್ತೀನಿ” ಎಂದು ಹಿತ್ತಾಳೆಯ ಸ್ಪ್ರಿಂಕ್ಲರ್ ಒಂದನ್ನು ಕೈಗಿಟ್ಟ. ಮೊಳದುದ್ದದ ಕಬ್ಬಿಣದ ಪೈಪಿನ ತುದಿಯಲ್ಲಿ ತಿರುಗುವ ತಲೆ. ಜೊತೆಗೆ ಮೋಟಾರನ್ನು ಹೊತ್ತಿಗೆ ಸರಿಯಾಗಿ ಹಾಕಿ ಆರಿಸುವ ಗಡಿಯಾರದಂಥ ಟೈಮರ್. ರೈತರು ನನ್ನನ್ನು ಗೌರವದಿಂದ ನೋಡಿದರು. ಅದೇ ನನಗೆ ಸಿಕ್ಕ ಕೊನೆಯ ಗೌರವ!

ಶನಿವಾರ ಇಡೀ ದಿನ ಅಗೆದೆ, ಅಂಟಿಸಿದೆ. ಸಂಜೆ ಪರೀಕ್ಷೆಗೆಂದು ಮೋಟಾರ್ ಹಾಕಿದರೆ ಸ್ಪ್ರಿಂಕ್ಲರ್ ಬಾಯಿಂದ ಮಗುವಿನ ಜೊಲ್ಲಿನಷ್ಟು ನೀರು. ಕರೆಂಟು ತೀರಾ ಡಿಮ್ ಇತ್ತು. ಅದು ನನಗೆ ಹೊಳೆಯಬೇಕಲ್ಲ! ಟ್ಯಾಂಕಿಗೆ ಹೋಗುವ ವಾಲ್ವ್ ಮುಚ್ಚಿ, ಬೋರ್‌ವೆಲ್ಲಿನ ನೀರು ಪೂರ್ತಿಯಾಗಿ ಸ್ಪ್ರಿಂಕ್ಲರಿಗೇ ನುಗ್ಗುವಂತೆ ತಿರುಗಿಸಿಟ್ಟೆ. ಟೈಮರನ್ನು ಆರು ಗಂಟೆಗೆ ಇಟ್ಟೆ.

ಭಾನುವಾರ ಬೆಳಗ್ಗೆ ಆರಕ್ಕೆ ಗಂಡ ಹೆಂಡತಿ ಕಾಫಿ ಹಿಡಿದು ಕಾದು ನಿಂತೆವು. ಆರೂ ಕಾಲು. ಆರೂವರೆ. ಒಂದು ಹನಿಯೂ ಇಲ್ಲ.

“ತಾನೇ ಬರುತ್ತೆ ಅಂದ್ರಲ್ಲ?”

“ಹೊಸದು. ಹೊಂದ್ಕೊಳ್ಳೋಕೆ ಟೈಮ್ ಬೇಕು” ಎಂದು ಗಂಭೀರವಾಗಿ ಒಳಗೆ ಬಂದೆ. ರಾತ್ರಿ ಐದು ಗಂಟೆ ಕಾಲ ಕರೆಂಟು ಹೋಗಿತ್ತು, ಕರೆಂಟಿನ ಜೊತೆ ಟೈಮರೂ ನಿದ್ದೆ ಹೊಡೆದಿತ್ತು, ಅದರ ಪ್ರಕಾರ ಇನ್ನೂ ರಾತ್ರಿ ಒಂದು ಗಂಟೆ ಎಂಬುದು ಈ ಸೂಪರ್‌ವೈಸರಿಗೆ ತಿಳಿಯಲಿಲ್ಲ.

ಪಕ್ಕದ ಮನೆ ಪುಟ್ಟಸ್ವಾಮಿಯವರದು. ಮರದ ಬೊಂಬೆ ಮಾಡುವ ಕಾರ್ಖಾನೆ ಇಟ್ಟವರು. ಅವತ್ತು ಅವರ ಮಗಳು ಸವಿತಾಳನ್ನು ನೋಡಲು ಕನಕಪುರ ಕಡೆಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿ ಹೋಗಿದ್ದವು. “ಈ ಸಲ ಏನೂ ಎಡವಟ್ಟಾಗ್ಬಾರ್ದು ಕಣ್ರೀ” ಎಂದು ಪುಟ್ಟಸ್ವಾಮಿ ವಾರದಿಂದ ಹೇಳುತ್ತಿದ್ದರು.

ಹನ್ನೊಂದು ಗಂಟೆಗೆ ಸುಮೋ ಬಂದು ನಿಂತಿತು. ನಾನು ಮುಖಕ್ಕೆ ಸೋಪು ಹಚ್ಚಿ ಶೇವಿಂಗ್ ಮಾಡುತ್ತಿದ್ದೆ. ಆಗ ಹೊರಗೆ ಸದ್ದು: ಟಕ್! ಟಕ್! ಟಕ್! ಟಕ್! ಹಿಂದೆಯೇ ಹೆಂಗಸೊಬ್ಬರ ಚೀರಾಟ.

ಓಡಿ ಬಂದು ನೋಡುತ್ತೇನೆ, ನಮ್ಮ ಹುಲ್ಲು ಒಣಗಿಯೇ ಇದೆ! ನೀರು ಕಾಂಪೌಂಡು ಹಾರಿ ಬೀದಿಗೆ ಬೀಳುತ್ತಿದೆ. ಗಂಡಿನ ತಾಯಿ ರೇಷ್ಮೆ ಸೀರೆಯಲ್ಲಿ ತೊಪ್ಪೆಯಾಗಿದ್ದಾರೆ. ತಂದೆ ಹಣ್ಣಿನ ತಟ್ಟೆಯನ್ನು ತಲೆಗೆ ಹಿಡಿದಿದ್ದಾರೆ.

“ಏನ್ ಸ್ವಾಮಿ ಇದು! ನಿಲ್ಸಿ! ನಿಲ್ಸಿ!” ಪುಟ್ಟಸ್ವಾಮಿ ಕೂಗಿದರು.

ಮೋಟಾರ್ ಆರಿಸಿದ್ದರೆ ಮುಗಿದಿತ್ತು. ನಾನು ಮಾಡಿದ್ದು ಸ್ಪ್ರಿಂಕ್ಲರನ್ನು ತಬ್ಬಿಕೊಂಡು ಆಚೆ ತಿರುಗಿಸಿದ್ದು. ನೀರು ನೇರ ಪುಟ್ಟಸ್ವಾಮಿಯವರ ತೆರೆದ ಬಾಗಿಲಿಗೆ ನುಗ್ಗಿ, ಸಾಲಾಗಿ ಇಟ್ಟಿದ್ದ ಕೇಸರಿಬಾತಿನ ತಟ್ಟೆಗಳ ಮೇಲೆ ಬಿತ್ತು!

ಅಷ್ಟರಲ್ಲಿ ನೆನೆದು ಮುದ್ದೆಯಾಗಿದ್ದ ಗಂಡೇ ನಮ್ಮ ಕಾಂಪೌಂಡು ಹಾರಿ ಬಂದ.

“ಸ್ವಿಚ್ ಎಲ್ಲೈತೆ ಸಾ?”

“ಅಲ್ಲಿ... ಎಲ್ಲೋ...” ಎಂದೆ. ಕಣ್ಣಿಗೆ ಸೋಪು ಹೋಗಿತ್ತು.

ಆತನೇ ಹುಡುಕಿ ಆರಿಸಿದ. ಎಲ್ಲವೂ ಸ್ತಬ್ಧ. ಆ ಮೌನದಲ್ಲಿ ಪಕ್ಕದ ಕಿಟಕಿಯಿಂದ ಜೋರಾಗಿ ನಗು ಕೇಳಿಸಿತು. ಸವಿತಾ! ಹುಡುಗ ಕನ್ನಡಕ ಒರೆಸಿಕೊಂಡು ಆ ಕಡೆ ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ.

ಗಂಡಿನವರು ನಮ್ಮ ಮನೆಯಲ್ಲೇ ಮೈ ಒರೆಸಿಕೊಂಡರು. ಹುಡುಗನ ತಾಯಿ ಶೋಭಾಳ ಸೀರೆಯುಟ್ಟು, ತಂದೆ ನನ್ನ ಪಂಚೆಯುಟ್ಟು ಹೆಣ್ಣು ನೋಡಲು ಹೋದರು. ಮಧ್ಯಾಹ್ನ ಪುಟ್ಟಸ್ವಾಮಿ ಬಂದರು. ನಾನು ಬಾಗಿಲ ಹಿಂದೆ ಸರಿದೆ.

“ಹುಡುಗ ಒಪ್ಪವ್ನೆ. ಇವ್ಳೂ ಒಪ್ಪವ್ಳೆ” ಎಂದು ಶೋಭಾಳಿಗೆ ಹೇಳಿ, ನನ್ನ ಕಡೆ ನೋಡಿದರು. “ಲಗ್ನಕ್ಕೆ ನೀವೂ ಬನ್ನಿ ಸ್ವಾಮಿ. ಆದ್ರೆ ಒಸಿ ಹಿಂದ್ಗಡೆ ಕೂತ್ಕಳಿ.”

ಮಾರನೆಯ ದಿನ ಅಕ್ಕೂರಿನಿಂದ ನನ್ನ ಮಾವ ಬಂದರು. ರೇಷ್ಮೆ ಬೇಸಾಯದವರು. ಶೋಭಾ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಅವರ ಮೀಸೆಯ ಕುಣಿತದಿಂದಲೇ ಗೊತ್ತಾಯಿತು.

“ಒಳ್ಳೆ ಮಾಲು ಅಳಿಯಂದ್ರೆ. ಹೊಲಕ್ಕೆ ಚೆಂದಾಗಿ ಆಯ್ತದೆ” ಎಂದು ನನ್ನ ಮನಸ್ಸಿಗೆ ನೋವಾಗದಂತೆ ಸ್ಪ್ರಿಂಕ್ಲರನ್ನು ಚೀಲಕ್ಕೆ ಹಾಕಿಕೊಂಡರು. ಟೈಮರನ್ನೂ ಕಿತ್ತರು. ಗುಲಾಬಿ ಬುಡಗಳಿಗೆ ಸಣ್ಣ ಪೈಪು ಎಳೆದು, ಹುಲ್ಲಿಗೆ ಬೆರಳುದ್ದದ ಪುಟಾಣಿ ಸ್ಪ್ರಿಂಕ್ಲರ್ ನೆಟ್ಟು, ಅರ್ಧ ಗಂಟೆಯಲ್ಲಿ ಕೈ ತೊಳೆದುಕೊಂಡರು.

ಈಗ ಹುಲ್ಲು ಹಸಿರಾಗಿದೆ. ನನಗೆ ಬಿಟ್ಟಿರುವುದು ಒಂದೇ ಕೆಲಸ: ಬೆಳಗ್ಗೆ ಒಂದು ವಾಲ್ವ್ ತಿರುಗಿಸುವುದು. ನಾನು ಅದರ ಮೇಲೆ ಕೈಯಿಟ್ಟ ಕೂಡಲೇ ಶೋಭಾ ಅಡುಗೆಮನೆಯಿಂದ ಕೂಗುತ್ತಾಳೆ:

“ಎಡಗಡೆಗೆ ರೀ... ಎಡಗಡೆ ಅಂದ್ರೆ ವಾಚ್ ಕಟ್ಟಿರೋ ಕೈ!”